ತಕ್ಕದ್ದು

ಚಿತ್ರದುರ್ಗದ ಕೋರ್ಟಿನ ಕಾಂಪೌಂಡಿಗೆ ಆತುಕೊಂಡು
ಇಪ್ಪತ್ತಾರು ವರ್ಷದಿಂದ ಟೈಪು ಮಾಡುತ್ತಿದ್ದೇನೆ.
ಮೊದಲು ಕಬ್ಬಿಣದ ಮಿಷಿನ್ನು, ಈಗ ಕಂಪ್ಯೂಟರು;
ಬೆರಳು ಅವೇ.
ವಾದಿ, ಪ್ರತಿವಾದಿ, ಚೆಕ್ಕುಬಂದಿ.
ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಪಾಲಯ್ಯನ ಹೊಲ,
ಉತ್ತರಕ್ಕೆ ಬಂಡಿದಾರಿ.
ಹತ್ತು ಗುಂಟೆ ನೆಲಕ್ಕೂ ನಾಲ್ಕು ದಿಕ್ಕು ಬರೆಯದೆ
ಪುಟ ತಿರುಗಿಸಿದವನಲ್ಲ ನಾನು.

ಮಾರಕ್ಕ ವಕೀಲರ ಬಯೋಡೇಟಾ ಟೈಪಿಸಿದವನೂ ನಾನೇ.
ಗೌರಸಮುದ್ರದ ಕಡೆಯವರು.
ವಾರವೆಲ್ಲ ಬೆಂಗಳೂರಿನ ಹೈಕೋರ್ಟು, ಶನಿವಾರ ಇಲ್ಲಿ.
ಕರಿಕೋಟಿನ ಮೊಣಕೈ ಸವೆದು ಬೂದಿಯ ಬಣ್ಣ.
‘ದಾದಾಪೀರ್, ಹೊಗಳಿಕೆ ಬ್ಯಾಡ, ಕೇಸಿನ ನಂಬರು ಹಾಕು’ ಅಂದಿದ್ದರು.
ಎರಡೇ ಪುಟ. ದುಡ್ಡು ಬೇಡವೆಂದೆ, ಬೈದು ಕೊಟ್ಟರು.

ಹೆಸರು ಬೆಂಗಳೂರು ದಾಟಿತು, ದಿಲ್ಲಿ ಮುಟ್ಟಿತು.
ಕೊಲಿಜಿಯಂ ಹೂಂ ಎಂದಿತು. ಸರ್ಕಾರ ವಾಪಸು ಕಳಿಸಿತು.
ಯಾವುದೋ ಹಳೆಯ ಗಣಿ ಕೇಸಿನಲ್ಲಿ
ಯಾರದೋ ಕಾಲು ತುಳಿದಿದ್ದರಂತೆ.
(ಇದು ಟೀ ಅಂಗಡಿ ಮಾತು, ಪ್ರಮಾಣ ಮಾಡಿ ಹೇಳಲಾರೆ.)
ಕೊಲಿಜಿಯಂ ಅದೇ ಹೆಸರನ್ನು ಎರಡನೇ ಸಲ ಕಳಿಸಿತು.

ಎರಡನೇ ಸಲ ಬಂದ ಹೆಸರಿಗೆ ಇಲ್ಲ ಎನ್ನುವಂತಿಲ್ಲವಂತೆ.
‘ರಾಷ್ಟ್ರಪತಿಗಳು ಮನಸ್ಸು ಮಾಡಿದ್ರೆ?’ ಅಂದ ಹೊಸ ವಕೀಲ ಕಾಟಲಿಂಗ,
ಮೆಣಸಿನಕಾಯಿ ಬಜ್ಜಿಗೆ ಕಣ್ಣೀರು ಒರೆಸುತ್ತ.
ಮಾರಕ್ಕ ನಕ್ಕರು:
‘ಅವ್ರು ಪಾಳೇಗಾರ್ರಲ್ಲ ಕಣೋ.
ಅವ್ರ ಮನಸ್ಸಿಗೂ ಚೆಕ್ಕುಬಂದಿ ಐತೆ.’

ಸಂವಿಧಾನದ ಪುಟ ತೆಗೆದು ತೋರಿಸಿದರು.
ಸಹಿ, ಮುದ್ರೆ, ಅಧಿಪತ್ರ; ಕೊನೆಗೆ
ನೇಮಿಸತಕ್ಕದ್ದು.
ಎಷ್ಟು ಲಕ್ಷ ಸಲ ಕುಟ್ಟಿದ್ದೇನೋ ಆ ಪದವನ್ನ,
ಅವತ್ತು ಮೊದಲ ಸಲ ಓದಿದೆ.
ಬಹುದು ಎಂಬುದು ದಿಂಬಿಗೆ ಒರಗಿದ ಮಾತು.
ಕೂಡದು, ಬಾಗಿಲಿನ ಅಗುಳಿ.
ತಕ್ಕದ್ದು ಅನ್ನುವಾಗ ಮಾತ್ರ
ಎರಡೆರಡು ಒತ್ತು; ನಾಲಿಗೆ ತಡೆದು, ನಿಂತು,
ಎದ್ದು ಕೈಕಟ್ಟುತ್ತದೆ,
ಎಷ್ಟು ಎತ್ತರದ ಕುರ್ಚಿಯಲ್ಲಿದ್ದರೂ.

ರಾತ್ರಿ ನಿದ್ದೆ ಬರಲಿಲ್ಲ. ಕೋಟೆ ನೆನಪಾಯಿತು.
ಬಾಗಿಲಿಂದ ಬಾಗಿಲಿಗೆ ದಾರಿ ನೆಟ್ಟಗಿಲ್ಲ ಅಲ್ಲಿ;
ಹೊರಳುತ್ತದೆ, ಮತ್ತೆ ಹೊರಳುತ್ತದೆ.
ವೈರಿಯ ಆನೆ ಓಡಿಬಂದು ಹಣೆಯಿಂದ ಗುದ್ದಬಾರದೆಂದು.
ಆದರೆ ಬೇಟೆ ಮುಗಿಸಿ ಮನೆಗೆ ಬರುವ ದೊರೆಯೂ
ಅದೇ ತಿರುವಿನಲ್ಲಿ ಲಗಾಮು ಎಳೆಯಬೇಕಿತ್ತಲ್ಲ!
ಕಲ್ಲು ಕಟ್ಟಿದ ವಡ್ಡರು ಒಳಗೊಳಗೇ ನಕ್ಕಿರಬೇಕು.

ಮೂರು ಸೀತಾಫಲದ ಸುಗ್ಗಿ ಕಳೆಯಿತು.
ಯಾರೂ ಇಲ್ಲ ಅನ್ನಲಿಲ್ಲ. ಯಾರೂ ಹೂಂ ಅನ್ನಲಿಲ್ಲ.
ಗುಡ್ಡದ ಮೇಲೆ ಗಾಳಿಯಂತ್ರ ಸುತ್ತಿದ್ದೇ ಸುತ್ತಿದ್ದು.
ಅವರಿಗಿಂತ ಕಿರಿಯರು ಪ್ರಮಾಣವಚನ ತೆಗೆದುಕೊಂಡ ಫೋಟೋ
ಪೇಪರಿನಲ್ಲಿ ಬಂತು; ಅದರಲ್ಲೇ ಮಂಡಕ್ಕಿ ಕಟ್ಟಿಕೊಟ್ಟರು ಅಂಗಡಿಯಲ್ಲಿ.
ನಾನು ಆ ಪುಟವನ್ನ ಮತ್ತೆ ಹುಡುಕಿದೆ.
ಯಾರು, ಯಾರನ್ನು ಕೇಳಿ, ಯಾವ ಮುದ್ರೆಯೊತ್ತಿ,
ಎಲ್ಲ ಇದೆ.
ಎಷ್ಟು ದಿನದೊಳಗೆ, ಅದೊಂದಿಲ್ಲ.
ಮೂರು ದಿಕ್ಕಿಗೆ ಕಲ್ಲು ನೆಟ್ಟು
ಒಂದು ಬದಿ ಬಯಲು ಬಿಟ್ಟ ಹೊಲದ ಹಾಗೆ;
ದನ ನುಗ್ಗುವುದು ಅಲ್ಲಿಂದಲೇ.

ಮೊನ್ನೆ ಶನಿವಾರ ಬಂದು ಸ್ಟೂಲಿನ ಮೇಲೆ ಕೂತರು.
‘ಬರ್ಕೋ. ನಾನು ನೀಡಿದ್ದ ಒಪ್ಪಿಗೆಯನ್ನು ಈ ಮೂಲಕ
ಹಿಂಪಡೆಯು...’
ನಾನು ಅಲ್ಲೇ ನಿಂತೆ. ಎಂದೂ ಕೇಳದವನು ಕೇಳಿದೆ:
‘ಮೇಡಂ, ಬಹುದೋ, ತಕ್ಕದ್ದೋ?’

ಮಾತಾಡಲಿಲ್ಲ.
ಅಷ್ಟರಲ್ಲಿ ಒಬ್ಬ ಮುದುಕಿ, ಕೈಚೀಲದ ತುಂಬ ಪಹಣಿ,
ಮೈದುನ ಬದು ಒತ್ತಿದ್ದಾನೆಂದು ಅಳುತ್ತ ಬಂದಳು.
ಮಾರಕ್ಕ ಕಾಗದ ಇಸಿದುಕೊಂಡು, ಕನ್ನಡಕ ಮೇಲೇರಿಸಿ,
‘ಎಷ್ಟು ಅಡಿ ಒತ್ತಿದಾನೆ, ಸರಿಯಾಗಿ ಹೇಳವ್ವ’
ಅನ್ನುತ್ತ ಬೇವಿನ ನೆರಳಿಗೆ ಹೋದರು.

ಆ ಸಾಲು ಇನ್ನೂ ಮಿಷಿನ್ನಿನಲ್ಲಿದೆ.
ಅಳಿಸು ಅಂತಲೂ ಹೇಳಿಲ್ಲ, ಮುಗಿಸು ಅಂತಲೂ.
ದಿನಾ ಬೆಳಗ್ಗೆ ತೆಗೆದು ನೋಡುತ್ತೇನೆ:
ಹಿಂಪಡೆಯು, ಅದರ ಮುಂದೆ
ಮಿನುಗುವ ಒಂದು ಗೆರೆ.